ನಾಲ್ಕು ಬೆರಳು ಕೊಸರು

ಬಟ್ಟೆ ಅಂಗಡಿಯವರು ಮೀಟರ್ ಕಡ್ಡಿಯಲ್ಲಿ ಅಳೆದಾದ ಮೇಲೆ, ಕತ್ತರಿ ಹಾಕುವ ಮುಂಚೆ, ಬಟ್ಟೆ ಹಿಡಿದ ಹೆಬ್ಬೆರಳನ್ನು ಒಂದು ನಾಲ್ಕು ಬೆರಳಷ್ಟು ಮುಂದಕ್ಕೆ ಸರಿಸುತ್ತಾರೆ. ಅದು ಕೊಸರು. ಬಿಲ್ಲಿಗೆ ಸೇರುವುದಿಲ್ಲ. ಸೊಪ್ಪಿನವಳು ಕೊನೆಗೆ ಚೀಲದೊಳಗೆ ಹಾಕುವ ಹಿಡಿ ಕೊತ್ತಂಬರಿಯ ಹಾಗೆ. ನಮ್ಮ ಮೇಲೆ ವಿಶ್ವಾಸವಿದ್ದರೆ ತಾನಾಗಿ ಬರುತ್ತದೆ, ಇಲ್ಲದಿದ್ದರೆ ಕೇಳಿ ಪಡೆಯಬೇಕು. ಜಯನಗರದ ಕಾಂಪ್ಲೆಕ್ಸಿನ ಹಿಂದಿನ ಓಣಿಯಲ್ಲಿ ಒಂದು ಅಂಗಡಿ. ಅಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ನಾನು ಕೇಳಿದ್ದೇ ಇಲ್ಲ.

ಆ ನಾಲ್ಕು ಬೆರಳಿನಿಂದಲೇ ನನಗೆ ಹೆಸರು ಬಂದದ್ದು. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಸಿಸ್ಟರ್ ನಮಗೆ ಸ್ಮಾಕಿಂಗ್ ಕಲಿಸಿದ್ದರು. ಬಟ್ಟೆಯನ್ನು ಸಣ್ಣ ಸಣ್ಣ ನಿರಿಗೆ ಹಿಡಿದು, ಅದರ ಮೇಲೆ ಬಣ್ಣದ ದಾರದಲ್ಲಿ ಜೇನುಗೂಡಿನ ಹಾಗೆ ಹೊಲಿಯುವ ಕೆಲಸ. ನನ್ನ ಯಜಮಾನರು ತೀರಿಹೋದ ಮೇಲೆ ಅದನ್ನೇ ಹಿಡಿದು ಜಯನಗರದಲ್ಲಿ ಮಕ್ಕಳ ಫ್ರಾಕಿನ ಅಂಗಡಿ ಇಟ್ಟೆ. ಕೊಸರು ಬಟ್ಟೆಯನ್ನೆಲ್ಲ ಫ್ರಾಕಿನ ಕೆಳಗೆ ಅಗಲವಾಗಿ ಒಳಮಡಿಸಿ ಹೊಲಿಯುತ್ತಿದ್ದೆ. ಮಗು ಉದ್ದವಾದಾಗ ಅಂಚು ಬಿಚ್ಚಿ ಇಳಿಸಿದರೆ ಇನ್ನೊಂದು ವರ್ಷ ಹಾಕಬಹುದು. ಮೇಡಂ ಹೊಲಿದದ್ದು ಎರಡು ವರ್ಷ ಬರುತ್ತೆ ಎಂದು ತಾಯಂದಿರು ಹೊಗಳಿದರೆ ನಾನು ಥ್ಯಾಂಕ್ಯೂ ಹೇಳುತ್ತಿದ್ದೆ. ಬಟ್ಟೆ ಯಾರದು ಎಂದು ಹೇಳುತ್ತಿರಲಿಲ್ಲ.

ಆಮೇಲೆ ಬುದ್ಧಿ ಕೆಟ್ಟು ಬಿಟಿಎಂ ಲೇಔಟಿನಲ್ಲಿ ಎರಡನೇ ಅಂಗಡಿ ತೆರೆದೆ. ಬ್ಯಾಂಕಿನ ಸಾಲ, ಆ ಓಣಿಯ ಬಟ್ಟೆ ಅಂಗಡಿಯವರ ಉದ್ದರಿ. ಹಿಂದೆಯೇ ಲಾಕ್‌ಡೌನ್ ಬಂತು. ಬರ್ತ್‌ಡೇ ಪಾರ್ಟಿಗಳೇ ಇಲ್ಲದ ಊರಿನಲ್ಲಿ ಪಾರ್ಟಿ ಫ್ರಾಕು ಯಾರಿಗೆ ಬೇಕು? ಒಂದು ಕ್ರೆಡಿಟ್ ಕಾರ್ಡಿನಿಂದ ತೆಗೆದು ಬ್ಯಾಂಕಿನ ಕಂತು ಕಟ್ಟಿದೆ, ಆ ಕಾರ್ಡಿಗೆ ಕಟ್ಟಲು ಇನ್ನೊಂದು ಕಾರ್ಡು ಮಾಡಿಸಿದೆ. ಕೊನೆಗೆ ವಕೀಲರು ಕೋರ್ಟಿಗೆ ಅರ್ಜಿ ಹಾಕಿಸಿದರು. ಮನೆ, ಮಷೀನು, ಒಡವೆ ಎಲ್ಲ ಮಾರಿ ಸಾಲ ಕೊಟ್ಟವರಿಗೆ ಹಂಚಿದಾಗ ಒಬ್ಬೊಬ್ಬರಿಗೂ ರೂಪಾಯಿಗೆ ಕೆಲವೇ ಪೈಸೆ ಬಂತು. ದಿವಾಳಿ ಎಂಬ ಮಾತನ್ನು ನಾನು ಬಾಯಲ್ಲಿ ಆಡಲಾರೆ. ಕೇಳಿದ ಒಬ್ಬಿಬ್ಬರಿಗೆ ‘ಇನ್‌ಸಾಲ್ವೆಂಟ್’ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೇನೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಏನೋ ಆದ ಹಾಗೆ ಕೇಳಿಸುತ್ತದೆ.

ಕೋರ್ಟಿಗೆ ಬ್ಯಾಂಕಿನವರ ಪರವಾಗಿ ವಕೀಲರು ಬಂದಿದ್ದರು. ಬಟ್ಟೆ ಅಂಗಡಿಯವರು ತಾವೇ ಬಂದಿದ್ದರು. ಅಂಗಡಿಯಿಂದ ನೇರವಾಗಿ ಬಂದಿರಬೇಕು, ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು. ಬೆಂಚಿನ ಮೇಲೆ ಕುಳಿತು ಅದರ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. ನನ್ನ ಕಡೆ ನೋಡಲಿಲ್ಲ. ನಾನು ಆ ಟೇಪನ್ನೇ ನೋಡುತ್ತಿದ್ದೆ.

ಆಮೇಲೆ ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಒಂದು ರೂಮು ಹಿಡಿದೆ. ಸೀರೆಗಳಿಗೆ ಕೈಯಲ್ಲಿ ಫಾಲ್ ಹಚ್ಚಿ ಕೊಡುತ್ತಿದ್ದೆ. ಮಾರ್ಕೆಟ್ಟಿಗೆ ಹೋಗಬೇಕಾದರೆ ಆ ಓಣಿ ಬಿಟ್ಟು ದೊಡ್ಡ ಸುತ್ತು ಹಾಕುತ್ತಿದ್ದೆ. ಅವರ ಕಣ್ಣಿಗೆ ಬೀಳುವುದಕ್ಕಿಂತ ಮೊಣಕಾಲು ನೋವೇ ವಾಸಿ ಅನ್ನಿಸುತ್ತಿತ್ತು.

ಕೋರ್ಟಿನಿಂದ ಸಾಲ ಬಿಡುಗಡೆಯ ಆರ್ಡರ್ ಬಂದಾಗ, ಇನ್ನು ನಾನೂ ಎಲ್ಲರ ಹಾಗೆ ಎಂದು ನಂಬಿ, ಬಿಟಿಎಂನ ಒಂದು ಶೋರೂಮಿಗೆ ಹೊಲಿಗೆ ಮಷೀನು ಕಂತಿನಲ್ಲಿ ಕೊಳ್ಳಲು ಹೋದೆ. ಕೌಂಟರಿನ ಹುಡುಗಿ ಹುಬ್ಬಳ್ಳಿ ಕಡೆಯವಳು. ಕಂಪ್ಯೂಟರಿನಲ್ಲಿ ನನ್ನ ಪ್ಯಾನ್ ನಂಬರು ಹೊಡೆದು, ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು. ನನ್ನ ಹಿಂದೆ ನಿಂತವರಿಗೆ ಕಾಣಬಾರದೆಂದು ಅವಳು ಹಾಗೆ ಮಾಡಿದ್ದು ನನಗೆ ಗೊತ್ತಾಯಿತು.

“ಆಗಂಗಿಲ್ರೀ ಮೇಡಂ. ನಿಮ್ಮ ಕ್ರೆಡಿಟ್ ಸ್ಕೋರ್ ಭಾಳ ಕಡಿಮಿ ತೋರಸಾಕತ್ತೈತಿ,” ಎಂದಳು, ಪಿಸುಮಾತಿನಲ್ಲಿ. ಹಿಂದೆ ಫ್ರಿಜ್ಜಿಗೆ ನಿಂತಿದ್ದ ಗಂಡಸು ಆ ಪಿಸುಮಾತು ಕೇಳಲೆಂದೇ ಮುಂದೆ ಬಾಗಿದ.

ಅವತ್ತು ಸಂಜೆ ಜೆಪಿ ನಗರದ ಗೆಳತಿಯ ಮನೆಗೆ ಹೋದೆ. ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳು ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವಳು. ಅಂಗಡಿ ಮುಚ್ಚಿದ್ದು ವಯಸ್ಸಾದ್ದಕ್ಕೆ ಎಂದೇ ಅವಳಿಗೆ ಅಷ್ಟು ದಿನ ಹೇಳಿಕೊಂಡು ಬಂದಿದ್ದೆ. ಎಲ್ಲ ಹೇಳಿ ಮುಗಿಸುವ ತನಕ ಅವಳು ಬೀನ್ಸ್ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

“ನಂಗ್ ಹೇಳಕ್ಕೇನೇ ರೋಗ ನಿನಗೆ? ಫೀಸ್ ಕೇಳ್ತಿದ್ನಾ?” ಎಂದಳು. ಆಮೇಲೆ ಮೆತ್ತಗಾಗಿ ದಾರಿ ತಿಳಿಸಿದಳು. ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಎಫ್‌ಡಿ ಇಟ್ಟರೆ ಅದರ ಮೇಲೆ ಒಂದು ಕ್ರೆಡಿಟ್ ಕಾರ್ಡು ಕೊಡುತ್ತಾರೆ. ನಾವು ಕಟ್ಟದಿದ್ದರೆ ಎಫ್‌ಡಿ ಮುರಿದುಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಭಯವಿಲ್ಲ. ಅದನ್ನು ಬಳಸಿ ನೆಟ್ಟಗೆ ಕಟ್ಟುತ್ತ ಬಂದರೆ ವರ್ಷೊಪ್ಪತ್ತಿನಲ್ಲಿ ಸ್ಕೋರು ಮೇಲೆ ಬರುತ್ತದೆ, ಆಗ ಮಷೀನು ಸಿಗುತ್ತದೆ.

ಫಾಲ್ ಹಚ್ಚಿ ಉಳಿಸಿದ್ದನ್ನೆಲ್ಲ ಎಫ್‌ಡಿ ಇಟ್ಟೆ. ಕಾರ್ಡು ಬಂತು. ಮನೆಗೆ ಬಂದ ಹಾವನ್ನು ನೋಡುವ ಹಾಗೆ ಅದನ್ನು ದೂರದಿಂದಲೇ ನೋಡಿದೆ. ಔಷಧಿ ಅಂಗಡಿಯಲ್ಲಿ ಮೊದಲ ಸಲ ಕೊಟ್ಟಾಗ ಪಿನ್ ತಪ್ಪು ಒತ್ತಿದೆ. ಮನೆಗೆ ಬಂದವಳೇ, ಕೈಕಾಲು ತೊಳೆಯುವ ಮುಂಚೆ, ಫೋನಿನಲ್ಲಿ ಅಷ್ಟೂ ದುಡ್ಡು ಬ್ಯಾಂಕಿಗೆ ವಾಪಸ್ ಕಟ್ಟಿದೆ. ಅದೇ ಅಭ್ಯಾಸವಾಯಿತು. ಬೆಳಿಗ್ಗೆ ತರಕಾರಿ ತಂದರೆ ಮಧ್ಯಾಹ್ನ ಕಟ್ಟು, ಮಧ್ಯಾಹ್ನ ದಾರದ ಉಂಡೆ ತಂದರೆ ಸಂಜೆ ಕಟ್ಟು. ನಾನು ಎಷ್ಟು ಒಳ್ಳೆಯವಳಾಗಿದ್ದೇನೆ ಎಂದು ಬ್ಯಾಂಕಿನವರು ಎಲ್ಲೋ ಕೂತು ನೋಡುತ್ತಿದ್ದಾರೆ ಎಂದೇ ಭಾವಿಸಿದ್ದೆ, ಬೋರ್ಡಿಂಗಿನಲ್ಲಿ ದೀಪ ಆರಿದ ಮೇಲೂ ಸಿಸ್ಟರ್ ನೋಡುತ್ತಿರುತ್ತಾರೆ ಎಂದು ನಂಬಿದ ಹಾಗೆ.

ಕೆಲವು ತಿಂಗಳಾದರೂ ಸ್ಕೋರು ಅಲ್ಲಾಡಲಿಲ್ಲ. ಗೆಳತಿ ನನ್ನ ಫೋನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ತಿಂಗಳು ತಿಂಗಳಿನ ಬಿಲ್ಲು ತೆಗೆದು ನೋಡಿದಳು. ಎಲ್ಲ ಬಿಲ್ಲಿನಲ್ಲೂ ಸೊನ್ನೆ.

“ಇದೇನೇ ಇದು? ನೀನು ಕಾರ್ಡ್ ಉಜ್ಜೇ ಇಲ್ವಾ?”

“ಉಜ್ಜಿದೀನಿ ಕಣೇ. ಅವತ್ತವತ್ತೇ ಕಟ್ಬಿಡ್ತೀನಿ. ಸಾಲ ಇಟ್ಕೊಂಡು ಮಲಗಕ್ಕಾಗಲ್ಲ ನಂಗೆ.”

ಅವಳು ಫೋನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. “ಪೆದ್ದಿ. ಬಿಲ್ ಬರೋ ಮುಂಚೆನೇ ತೀರಿಸ್ಬಿಟ್ರೆ ತೀರಿಸಿದೀಯ ಅಂತ ಅವರ ಕಣ್ಣಿಗೆ ಹೇಗೆ ಬೀಳುತ್ತೆ? ಬಿಲ್ ಬರ್ಲಿ. ಸಾಲಗಾರಳಾಗಿ ಒಂದಿಷ್ಟು ದಿನ ಇರು. ಡ್ಯೂ ಡೇಟ್‌ಗೆ ಕಟ್ಟು. ಇನ್ನೊಂದು, ಈ ಈರುಳ್ಳಿ ಟೊಮ್ಯಾಟೊ ಬಿಟ್ಟು ಏನಾದ್ರೂ ಮರ್ಯಾದಸ್ಥ ಖರ್ಚು ಮಾಡು.”

ಸಾಲಗಾರಳಾಗಿ ಇರು. ಯಾವುದರಿಂದ ಓಡಿ ಬಂದಿದ್ದೆನೋ ಅದರಲ್ಲೇ ಹೋಗಿ ಕೂರಬೇಕು, ಅದೂ ಎಲ್ಲರಿಗೂ ಕಾಣುವ ಹಾಗೆ.

ಅದೇ ವಾರ ಒಂದು ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಚಿಕ್ಕವಳಿದ್ದಾಗ ನನ್ನ ಅಂಗಡಿಯ ಫ್ರಾಕು ಹಾಕಿದ್ದವಳು. ಈಗ ಹುಳಿಮಾವಿನಲ್ಲಿ ಮನೆ, ಮಗಳಿಗೆ ಮೊದಲ ವರ್ಷದ ಹುಟ್ಟುಹಬ್ಬ. ಅಂಥದ್ದೇ ಫ್ರಾಕು ಬೇಕು ಎಂದಳು. ಸ್ಮಾಕಿಂಗಿಗೆ ತೆಳುವಾದ, ನಿರಿಗೆ ನಿಲ್ಲುವ ಹತ್ತಿ ಬಟ್ಟೆ ಬೇಕು. ಸಿದ್ದಾಪುರದಲ್ಲೆಲ್ಲ ತಿರುಗಿದೆ. ಅದು ಸಿಗುವುದು ಆ ಒಂದು ಓಣಿಯಲ್ಲೇ ಎಂದು ತಿರುಗುವ ಮುಂಚೆಯೇ ನನಗೆ ಗೊತ್ತಿತ್ತು.

ಹೋದೆ. ಪಕ್ಕದ ಪಾತ್ರೆ ಅಂಗಡಿಯ ಮುಂದೆ ನಿಂತು, ಬೇಡದ ಕುಕ್ಕರಿನ ಬೆಲೆ ಕೇಳಿ, ಆಮೇಲೆ ಮೆಟ್ಟಿಲು ಹತ್ತಿದೆ. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಟೇಪು ಕುತ್ತಿಗೆಯಲ್ಲಿತ್ತು.

“ಬನ್ನಿ ಮೇಡಂ. ಏನ್ ತೋರಿಸ್ಲಿ?” ಎಂದರು. ಯಾರು ಬಂದರೂ ಹೇಳುವ ಮಾತು. ಮೊದಲಾದರೆ ಸ್ಟೂಲು ಎಳೆದು ಎದುರಿನ ದರ್ಶಿನಿಯಿಂದ ಬೈ-ಟು ಕಾಫಿ ತರಿಸುತ್ತಿದ್ದರು. ನಾನು ತಿಳಿಗುಲಾಬಿ ಬಣ್ಣದ್ದು ತೋರಿಸಿ ಒಂದೂವರೆ ಮೀಟರ್ ಎಂದೆ. ಥಾನು ಬಿಚ್ಚಿ ಅಳೆದರು. ಒಂದೂವರೆಗೆ ಸರಿಯಾಗಿ ಕತ್ತರಿ ಬಿತ್ತು. ಹೆಬ್ಬೆರಳು ಇದ್ದಲ್ಲೇ ಇತ್ತು.

ಕಾರ್ಡು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು.

“ಕೊಡ್ತಾರಾ, ಮತ್ತೆ?”

ಸುಮ್ಮನೆ ಹೂಂ ಎನ್ನಬಹುದಿತ್ತು. ಗಾಬರಿಯಲ್ಲಿ ಹೆಚ್ಚು ಮಾತಾಡುವುದು ನನ್ನ ರೋಗ. “ಹಾಗೇ ಕೊಡಲ್ಲ. ಎಫ್‌ಡಿ ಇಟ್ರೆ ಅದರ ಮೇಲೆ ಕೊಡ್ತಾರೆ,” ಎಂದೆ.

“ಓ. ದುಡ್ಡಿಟ್ರೆ,” ಎಂದರು. ಅಷ್ಟೇ. ಮಷೀನಿನಲ್ಲಿ ಮೊತ್ತ ಒತ್ತಿ ನನ್ನ ಕಡೆ ಚಾಚಿದರು.

ದಾರಿಯುದ್ದಕ್ಕೂ ಆ ಮಾತು ನನ್ನ ಹಿಂದೆ ಬಂತು. ಇಡಲು ದುಡ್ಡಿತ್ತು ನನ್ನ ಹತ್ತಿರ. ನನ್ನನ್ನು ನಂಬದ ಬ್ಯಾಂಕಿನ ಕಾಲ ಬಳಿ ಅದನ್ನು ಇಟ್ಟು ಬಂದಿದ್ದೆ. ನಂಬಿ ಥಾನುಗಟ್ಟಲೆ ಕೊಟ್ಟವರಿಗೆ ಕೆಲವು ಪೈಸೆ ಕೊಡಿಸಿ, ಸುತ್ತು ಬಳಸಿ ಓಡಾಡುತ್ತಿದ್ದೆ. ಎಫ್‌ಡಿ ಇಡುವಾಗ ಈ ಯೋಚನೆ ಬರಲೇ ಇಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಕೋರ್ಟು ಮುಗಿಸಿದೆಯಲ್ಲ ಎಂದು ಅದನ್ನು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿದ್ದೆ.

ಆ ತಿಂಗಳು ಬಿಲ್ಲು ಬರಲು ಬಿಟ್ಟೆ. ದುಡ್ಡು ಖಾತೆಯಲ್ಲೇ ಇದ್ದರೂ ಕಟ್ಟದೆ ಕಾದೆ. ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ಇಣುಕುತ್ತಿದ್ದೆ, ವಸೂಲಿಯವರು ಬರುತ್ತಿದ್ದ ಕಾಲದ ಹಾಗೆ. ಹಾಲಿನವನು ಎಂದು ಗೊತ್ತಾದ ಮೇಲೆಯೇ ಚಿಲಕ ತೆಗೆಯುತ್ತಿದ್ದೆ. ಡ್ಯೂ ಡೇಟಿಗೆ ಕಟ್ಟಿದೆ. ಮುಂದಿನ ತಿಂಗಳೂ ಹಾಗೇ. ಬಟ್ಟೆಯೆಲ್ಲ ಆ ಅಂಗಡಿಯಲ್ಲೇ ತೆಗೆದುಕೊಂಡೆ. ಪ್ರತಿ ಸಲವೂ ಬನ್ನಿ ಮೇಡಂ, ಪ್ರತಿ ಸಲವೂ ಗೆರೆಗೆ ಸರಿಯಾಗಿ ಕತ್ತರಿ.

ಹೀಗೆ ಮುಂದಿನ ವರ್ಷದ ಹೊತ್ತಿಗೆ ಸ್ಕೋರು ಮೇಲೆ ಬಂತು. ಬ್ಯಾಂಕು ತಾನಾಗಿ ಮೆಸೇಜು ಕಳಿಸಿ, ಎಫ್‌ಡಿ ಬೇಡ, ಹಾಗೇ ಕಾರ್ಡು ಕೊಡುತ್ತೇವೆ ಎಂದಿತು. ಬಿಟಿಎಂ ಶೋರೂಮಿನಲ್ಲಿ ಅದೇ ಹುಡುಗಿ ಈ ಸಲ ಪರದೆಯನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದಳು. ಮಷೀನು ಕಂತಿನಲ್ಲಿ ಬಂತು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಹುಳಿಮಾವಿನ ಹುಡುಗಿಯೂ ಆಗಲೇ ಮತ್ತೆ ಬಂದಳು, ಮಗುವಿನ ಎರಡನೇ ಹುಟ್ಟುಹಬ್ಬಕ್ಕೆ. ಹೋದ ವರ್ಷದ ಫ್ರಾಕು ತಂದಿದ್ದಳು.

“ಇದನ್ನೇ ಬಿಚ್ಚಿ ಇಳಿಸೋಣ ಅಂತ ನೋಡಿದ್ರೆ ಒಳಗೆ ಬಟ್ಟೇನೇ ಇಲ್ಲ ಆಂಟಿ. ನನ್ನ ಫ್ರಾಕ್ ಎರಡು ವರ್ಷ ಬರ್ತಿತ್ತು ಅಂತ ಅಮ್ಮ ಹೇಳ್ತಾನೇ ಇರ್ತಾರೆ.”

ಅವಳದೇನೂ ಆಕ್ಷೇಪಣೆಯಲ್ಲ, ನಗುತ್ತಲೇ ಹೇಳಿದ್ದು. ನಾನು ಫ್ರಾಕಿನ ಅಂಚು ತಿರುಗಿಸಿ ನೋಡಿದೆ. ಕಿರುಬೆರಳಷ್ಟು ಮಡಿಕೆ. ಹೆಚ್ಚಿಗೆ ಹತ್ತು ಸೆಂಟಿಮೀಟರ್ ಕೊಂಡಿದ್ದರೆ ಆಗುತ್ತಿತ್ತು. ಕೊಂಡಿರಲಿಲ್ಲ. ವರ್ಷವಿಡೀ ಆ ಹೆಬ್ಬೆರಳು ಸರಿಯಲಿ ಎಂದು ಕಾಯುತ್ತಿದ್ದೆ.

ಎಫ್‌ಡಿ ಮುರಿಸಿ ಬಟ್ಟೆ ಅಂಗಡಿಯವರಿಗೆ ಕೊಡುತ್ತೇನೆ ಎಂದಾಗ ಗೆಳತಿ ಬೈದಳು. ನಾಳೆ ಆಸ್ಪತ್ರೆ ಗೀಸ್ಪತ್ರೆ ಅಂದರೆ ಏನು ಮಾಡುತ್ತೀಯ, ಲೀಗಲಿ ನೀನು ಅವರಿಗೆ ಒಂದು ಪೈಸೆ ಕೊಡಬೇಕಾಗಿಲ್ಲ ಎಂದಳು. ಗೊತ್ತು ಎಂದೆ. ಆಮೇಲೆ ಅವಳೇ ಆಟೋ ಬುಕ್ ಮಾಡಿ ಕೊಟ್ಟಳು.

ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವ ತನಕ ಕಾದೆ. ದುಡ್ಡಿನ ಕವರನ್ನು ಕೌಂಟರಿನ ಮೇಲೆ ಇಟ್ಟು, ಇದು ಹಳೇದಕ್ಕೆ ಎಂದೆ.

“ಕೋರ್ಟಲ್ಲಿ ಮುಗಿದೋಯ್ತಲ್ಲ ಮೇಡಂ ಅದು.”

“ಅಲ್ಲಿ ಮುಗೀತು.”

ಅವರು ಕವರು ತೆಗೆದು ನೋಡಲಿಲ್ಲ. ಬೇಡ ಎಂದೂ ಹೇಳದೆ ಡ್ರಾಯರಿಗೆ ಹಾಕಿದರು. ಬೇಡ ಎನ್ನುತ್ತಾರೆ ಎಂದು ನನ್ನೊಳಗೆ ಎಲ್ಲೋ ಒಂದು ಆಸೆ ಇತ್ತು ಎಂದು ಡ್ರಾಯರು ಮುಚ್ಚಿದ ಸದ್ದಿಗೆ ನನಗೇ ತಿಳಿಯಿತು.

“ಪೂರ್ತಿ ಇಲ್ಲ,” ಎಂದೆ.

“ಗೊತ್ತು,” ಎಂದರು. “ಇವತ್ತೇನ್ ಬಟ್ಟೆ?”

ತಿಳಿನೀಲಿ, ಎರಡು ಮೀಟರ್. ಥಾನು ಬಿಚ್ಚಿದರು. ಕಡ್ಡಿ ಒಂದು ಸಲ ಬಿತ್ತು, ಎರಡು ಸಲ ಬಿತ್ತು. ನಾನು ಹೆಬ್ಬೆರಳನ್ನು ನೋಡುತ್ತಿದ್ದೆ. ಕವರು ಕೊಟ್ಟ ಮರುಗಳಿಗೆಯೇ ಬಡ್ಡಿ ಕಾಯುವವಳ ಹಾಗೆ ನಿಂತು ನೋಡುತ್ತಿದ್ದೆ. ಅದು ಸರಿಯಲಿಲ್ಲ. ಕೋರ್ಟಿನ ಬೆಂಚಿನಲ್ಲಿ ಕೂಡ ಅಷ್ಟು ನಾಚಿಕೆಯಾಗಿರಲಿಲ್ಲ ನನಗೆ.

ಕತ್ತರಿ ತೆಗೆದಾಗ, ಸ್ವಲ್ಪ ತಾಳಿ ಎಂದೆ. ಇನ್ನೂ ಹತ್ತು ಸೆಂಟಿಮೀಟರ್ ಸೇರಿಸಿ.

ಅವರು ತಲೆಯೆತ್ತಿದರು. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಅದಕ್ಕೂ ಬಿಲ್ ಹಾಕಿ,” ಎಂದೆ.

ಹಾಕಿದರು. ಬ್ಯಾಂಕು ಹಾಗೇ ಕೊಟ್ಟ ಕಾರ್ಡು ಉಜ್ಜಿದೆ. ಮನೆಗೆ ಬಂದು ಹೊಸ ಮಷೀನಿನಲ್ಲಿ ತಿಳಿನೀಲಿ ಫ್ರಾಕಿನ ಅಂಚನ್ನು ನಾಲ್ಕು ಬೆರಳು ಅಗಲ ಮಡಿಸಿ ಹೊಲಿದೆ. ಅದರ ದುಡ್ಡು ಬಿಲ್ಲು ಬಂದ ಮೇಲೆ ಕಟ್ಟಬೇಕು.