ಅಕ್ಕ ನಿಂತದ್ದು ನನ್ನ ಸೀಟಿಗೆ

ಮೊದಲೇ ಹೇಳಿಬಿಡುತ್ತೇನೆ, ಆ ಸೀಟಿ ಹೊಡೆದವನು ನಾನು. ಕೈಯಲ್ಲಿ ಪೀಪಿ ಇರಲಿಲ್ಲ. ಎರಡು ಬೆರಳು, ಒಂದು ನಾಲಗೆ, ಆ ವಯಸ್ಸಿಗೆ ದೇವರು ಧಾರಾಳವಾಗಿ ಕೊಡುವ ಮೂರ್ಖತನ, ಇಷ್ಟೇ ನನ್ನ ಸಾಮಾನು. ಆ ಸೀಟಿಗೆ ನಿಂತವಳು ನಮ್ಮ ಓಣಿಯ ಅಕ್ಕ.

ಅಕ್ಕನ ಬಲಗೈ ಕಿರುಬೆರಳು ತುದಿಯ ಗಿಣ್ಣಿನಲ್ಲಿ ಹೊರಕ್ಕೆ ಬಾಗಿತ್ತು, ಅಣ್ಣಂದಿರ ಜೊತೆ ಜಗಳಾಡಿ ಬೇರೆ ಮನೆ ಮಾಡಿದ ತಮ್ಮನ ಹಾಗೆ. ಬಾಸ್ಕೆಟ್‌ಬಾಲ್ ಬಡಿದು ಮುರಿದದ್ದು. ಆ ದಿನವೂ ಉಳಿದ ನಾಲ್ಕು ಬೆರಳಲ್ಲಿ ಆಟ ಮುಗಿಸಿಯೇ ದವಾಖಾನೆಗೆ ಹೋದಳು. ಎತ್ತರ ಆರಡಿಯ ಮೇಲೆ ಎರಡಂಗುಲ. ಸವಣೂರಿನ ದೊಡ್ಡಹುಣಸೆ ಮರಗಳನ್ನು ಬಿಟ್ಟರೆ ಮಂದಿ ಕತ್ತೆತ್ತಿ ನೋಡುವುದು ಇವಳನ್ನೇ ಎಂದು ನಾನು ಸಾರುತ್ತಿದ್ದೆ. ನಾನು ಅವಳ ಪಕ್ಕ ನಿಂತರೆ ಅವಳದೇ ಬುತ್ತಿಡಬ್ಬಿಯ ಹಾಗೆ ಕಾಣುತ್ತಿದ್ದೆ.

ಅವರದು ಓದಿದವರ ಮನೆ. ಮುತ್ತಜ್ಜ ವೇದಾಂತದ ಪಾಠ ಹೇಳಿದ ಕಟ್ಟೆಯ ಮೇಲೆ ಈಗ ವಕೀಲರಾದ ಅಪ್ಪನ ಕಕ್ಷಿದಾರರು ಕೂಡುತ್ತಿದ್ದರು. ಒಳಗೆ ಅಜ್ಜಿಯ ಮಡಿ. ಚೆಂಡು ಚರ್ಮದ್ದೆಂದು ಅದಕ್ಕೆ ಹೊಸ್ತಿಲ ಒಳಗೆ ಪ್ರವೇಶವಿರಲಿಲ್ಲ. "ಅದು ರಬ್ಬರ್‌ದು ಐತ್ರಿ ಅಜ್ಜಿ," ಎಂದು ನಾನು ವಕಾಲತ್ತು ಹಾಕಿದ್ದೆ. "ನೀ ಮುಟ್ಟೀಯಿಲ್ಲೋ ಅದನ್ನ? ಹಂಗಾರ ಅದು ಹೊರಗೇ ಇರ್ಲಿ," ಎಂದರು ಅಜ್ಜಿ. ಕಟ್ಟೆಯ ಮೂಲೆಯಲ್ಲಿ ಒಂದು ಬಿದಿರು ಬುಟ್ಟಿ, ಅದರಲ್ಲಿ ಚೆಂಡು. ಅಕ್ಕ ದಿನಾಲೂ ಚೆಂಡನ್ನು ಬುಟ್ಟಿಗಿಟ್ಟು, ಕೈಕಾಲು ತೊಳೆದು, ಒಂದು ಮಾತೂ ಗೊಣಗದೆ ಒಳಗೆ ಹೋಗುತ್ತಿದ್ದಳು. ನಿಯಮ ಅಂದರೆ ನಿಯಮ. ಆಟದ ಅಂಗಳದಲ್ಲೂ ಅಷ್ಟೇ. ಸೀಟಿ ಕೇಳಿದರೆ ಎತ್ತಿದ ಹೆಜ್ಜೆ ಅಲ್ಲೇ ನಿಲ್ಲುತ್ತಿತ್ತು. ಚೆಂಡನ್ನು ಎರಡೂ ಕೈಯಲ್ಲಿ, ತೀರ್ಥದ ತಂಬಿಗೆ ಕೊಟ್ಟಂತೆ, ರೆಫರಿಗೆ ಒಪ್ಪಿಸುತ್ತಿದ್ದಳು.

ನನ್ನ ನಿಯಮ ಬೇರೆ: ನಕಲು ಮಾಡದೆ ಯಾರನ್ನೂ ಬಿಡಬಾರದು. ಹೆಡ್‌ಮಾಸ್ತರರ ಕೆಮ್ಮು, ವಕೀಲರ ಗಂಟಲು, ನಮ್ಮಪ್ಪನ ಗೊರಕೆ, ಎಲ್ಲ ನನ್ನ ಬಾಯಲ್ಲಿತ್ತು. ಶಿಗ್ಗಾಂವಿಯ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರನ ಸೀಟಿ ಹೊಡೆದೆ. ಹಿರೇಬೆಂಡಿಗೇರಿ ದಾರಿಯಲ್ಲಿ, ಗೋವಿನಜೋಳದ ಹೊಲದ ನಡುವೆ ಬಸ್ಸು ಗಪ್ಪನೆ ನಿಂತಿತು. "ಯಾವನಲೇ ಅಂವ? ನಾ ಇನ್ನೂ ಸತ್ತಿಲ್ಲ!" ಎಂದ ಕಂಡಕ್ಟರ್. ಆ ಮಾತನ್ನೂ ಅವನದೇ ದನಿಯಲ್ಲಿ ಆಡಿ ತೋರಿಸಿ ಎರಡು ಏಟು ತಿಂದೆ. ಬುದ್ಧಿ ಬರಲಿಲ್ಲ.

ಆ ವರ್ಷ ಹಾನಗಲ್ಲಿನ ಮೈದಾನದಲ್ಲಿ ಆಯ್ಕೆಯ ಆಟ. ವಿದೇಶದ ಕ್ಲಬ್ಬುಗಳಿಗೆ ಆಟಗಾರರನ್ನು ತಯಾರು ಮಾಡುವ ಕೋಚ್ ಒಬ್ಬರು ಬರುವವರಿದ್ದರು. ಹಿಂದಿನ ಸಂಜೆ ಅಕ್ಕನ ಅಪ್ಪ ಕಟ್ಟೆಯ ಮೇಲೆ ಕೂತು ತೀರ್ಪು ಓದಿದರು: "ಆರಿಸ್ಕೊಂಡ್ರ ಹೋಗು, ತಡಿಯೂದಿಲ್ಲ. ಇಲ್ಲಂದ್ರ ಲಾ ಕಾಲೇಜಿನ ಅರ್ಜಿ ತುಂಬು. ಮುಂದ ಈ ಮನ್ಯಾಗ ಚೆಂಡಿನ ಮಾತು ಬ್ಯಾಡ." ಅಕ್ಕ "ಹೂಂ" ಎಂದಳು. ಕೊಟ್ಟ ಮಾತು ತಪ್ಪುವವಳಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಹೆದರಿದವನು ಸುಮ್ಮನೆ ಕೂಡಬೇಕಿತ್ತು. ನಾನು ಗೆರೆಯಾಚೆ ಗೆಳೆಯರ ನಡುವೆ ಕೂತು, ಗಲ್ಲ ಉಬ್ಬಿಸುವ ರೆಫರಿಯ ನಕಲು ಮಾಡುತ್ತಿದ್ದೆ. ಕೊನೆಯ ಅರ್ಧ ನಿಮಿಷ. ಅಕ್ಕನ ತಂಡ ಒಂದು ಅಂಕ ಹಿಂದೆ. ಅಕ್ಕ ಚೆಂಡು ಕಸಿದಳು, ಓಡಿದಳು, ಮುಂದೆ ಯಾರೂ ಇಲ್ಲ, ಬುಟ್ಟಿ ಮತ್ತು ಅವಳು ಇಬ್ಬರೇ. ಪಕ್ಕದವನು, "ಸೀಟಿ ಹೊಡಿಯಲೇ ಈಗ, ನೋಡೂಣು," ಎಂದ. ಮೆಲ್ಲಗೆ ಹೊಡೆಯೋಣವೆಂದೇ ಬೆರಳು ಇಟ್ಟೆ. ಕೈಲಿದ್ದ ಕಲೆ ಮೆಲ್ಲಗೆ ಬರಲು ಒಪ್ಪಲಿಲ್ಲ.

ಅಕ್ಕ ನಿಂತಳು. ತಿರುಗಿ, ಎರಡೂ ಕೈಯಲ್ಲಿ ಚೆಂಡು ಮುಂದೆ ಚಾಚಿದಳು. ರೆಫರಿ ಕೈ ಬೀಸುತ್ತ, "ನಂದಲ್ಲ, ಸೀಟಿ ನಂದಲ್ಲ, ಆಡ್ರಿ!" ಎಂದು ಕೂಗುವುದರೊಳಗೆ ಎದುರು ತಂಡದ ಹುಡುಗಿ ಚೆಂಡು ಕಿತ್ತುಕೊಂಡು ಹೋಗಿಯಾಗಿತ್ತು. ಆಟ ಮುಗಿಯಿತು. ಕೋಚ್ ಪುಸ್ತಕ ಮುಚ್ಚಿ, "ಕಡೀ ಗಳಿಗಿಗೆ ನಿಲ್ಲೂ ಹುಡುಗಿ ನಮಗ ಉಪಯೋಗಿಲ್ರಿ," ಎಂದದ್ದು ನನಗೂ ಕೇಳಿಸಿತು.

ಮರಳುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ, ನಾನು ಪಕ್ಕ. ಸವಣೂರು ಬರುವಾಗ ಒಂದೇ ಮಾತಾಡಿದಳು: "ಯಾಕೋ, ಇವತ್ತ ಯಾರ ದನಿನೂ ತಗೀವಲ್ಲಿ?"

ನಾನು ಕೆಮ್ಮಿದೆ. ನನ್ನದೇ ಕೆಮ್ಮು.

ಮರುದಿನ ತಪ್ಪೊಪ್ಪಿಕೊಳ್ಳಲೆಂದೇ ಹೋದೆ. ಕಟ್ಟೆಯ ಮೇಲೆ ಲಾ ಕಾಲೇಜಿನ ಅರ್ಜಿ, ಅಪ್ಪನ ಪೆನ್ನು, ಅಕ್ಕನ ಸೊಟ್ಟ ಬೆರಳು ಒಂದೇ ಸಾಲಿನಲ್ಲಿದ್ದವು. ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಅಜ್ಜಿ, ಕಟ್ಟೆಯ ಮೇಲೆ ಕೂತಿದ್ದ ವಕೀಲರಿಗೆ ಅಂದರು: "ಈ ಕಟ್ಟೀ ಮ್ಯಾಲ ಒಂದೊಂದು ಹುಡುಗ ಹನ್ನೆರಡು ವರ್ಷ ಕೂತು ಪಾಠ ಹೇಳಿಸ್ಕೊಂಡಾನ. ಮೊದಲನೇ ವರ್ಷ ತಪ್ಪಿದ ಅಂತ ಒಬ್ಬನ್ನೂ ಮನಿಗೆ ಕಳಿಸಿಲ್ಲ. ಹೆಣ್ಣುಮಗಳಿಗೆ ಇನ್ನೊಂದು ವರ್ಷ ಕೊಡ್ಲಿಕ್ಕಾಗೂದಿಲ್ಲೇನೋ ನಿನಗ?"

ವಕೀಲರು ಅರ್ಜಿಯನ್ನು ಮಡಚಿಟ್ಟರು. ಪೆನ್ನಿನ ಟೊಪ್ಪಿಗೆ ಹಾಕಿದರು. ನಾನು? ಕೆಲಸ ಆಯ್ತಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಹೇಡಿಯ ದನಿ ತೆಗೆಯಲು ನನಗೆ ಅಭ್ಯಾಸವೇ ಬೇಕಿರಲಿಲ್ಲ.

ಆ ವರ್ಷವೆಲ್ಲ ಶಾಲೆಯ ಮೈದಾನದಲ್ಲಿ ನನಗೊಂದು ವಿಚಿತ್ರ ನೌಕರಿ. "ನಾ ಓಡುವಾಗ ಎಲ್ಲಿಂದರೆ ಸೀಟಿ ಹೊಡಿ. ಗ್ವಾಡಿ ಹಿಂದ ನಿಂತು ಹೊಡಿ, ಗಿಡ ಏರಿ ಹೊಡಿ," ಎಂದಳು ಅಕ್ಕ. ಮೊದಲ ದಿನ ಇಪ್ಪತ್ತು ಸಲ ನಿಂತಳು. ತಿಂಗಳಾಗುವಾಗ ಹತ್ತಕ್ಕೆ ಇಳಿಯಿತು. ಆಮೇಲಾಮೇಲೆ ಸೀಟಿ ಕೇಳಿದೊಡನೆ ಅವಳ ಕಣ್ಣು ರೆಫರಿ ಇರಬೇಕಾದ ಜಾಗಕ್ಕೆ ಹೋಗುತ್ತಿತ್ತು, ಕಾಲು ಓಡುತ್ತಲೇ ಇತ್ತು. ಪ್ರತಿ ಸಲ ಬೆರಳು ಬಾಯಿಗಿಟ್ಟಾಗಲೂ ನನಗೆ ಒಂದೇ ಯೋಚನೆ: ಇವಳಿಗೆ ಗೊತ್ತೋ, ಗೊತ್ತಿಲ್ಲವೋ? ಮುಖ ನೋಡಿದರೆ ಬರೀ ಬೆವರು.

ಮುಂದಿನ ವರ್ಷ ಅದೇ ಕೋಚ್ ಪುಸ್ತಕ ತೆರೆದು ಅಕ್ಕನ ಹೆಸರು ಬರೆದರು. ಅಕ್ಕ ಹೋದಳು. ಈಗ ಐದು ವರ್ಷದಿಂದ ಸರ್ಬಿಯಾದ ಒಂದು ಕ್ಲಬ್ಬಿನಲ್ಲಿ ಆಡುತ್ತಾಳೆ, ಎರಡು ವರ್ಷದಿಂದ ಅದರ ನಾಯಕಿ. ಬ್ಯಾಗಿನಲ್ಲಿ ಈಗಲೂ ಅಜ್ಜಿಯ ಮೆಂತ್ಯದ ಹಿಟ್ಟು.

ಹೋದ ಸಲದ ಅಂತಿಮ ಪಂದ್ಯವನ್ನು ಅವರ ಪಡಸಾಲೆಯಲ್ಲಿ ನನ್ನ ಫೋನಿನಲ್ಲೇ ನೋಡಿದೆವು. ನಮಗೆ ಇಳಿಹೊತ್ತು, ಅಲ್ಲಿ ಮಧ್ಯಾಹ್ನ. ಒಂದು ಅಂಕ ಹಿಂದೆ, ಉಳಿದದ್ದು ಕೆಲವೇ ಸೆಕೆಂಡು, ಚೆಂಡು ಅಕ್ಕನ ಕೈಲಿ. ಆಗಲೇ ಗ್ಯಾಲರಿಯಿಂದ ಯಾರೋ ಒಬ್ಬ, ನನ್ನ ಸರ್ಬಿಯಾದ ಅಣ್ಣತಮ್ಮ, ಸೀಟಿ ಹೊಡೆದ. ಅಡ್ಡ ಬಂದ ಇಬ್ಬರು ಹುಡುಗಿಯರು ಕೈ ಇಳಿಸಿದರು. ಅಕ್ಕನ ಕಣ್ಣು ರೆಫರಿಯ ಕೈಗೆ ಹೋಗಿ ಬಂತು. ಅದು ಮೇಲೆ ಎದ್ದಿರಲಿಲ್ಲ. ಅಕ್ಕ ನಿಲ್ಲಲಿಲ್ಲ. ಚೆಂಡು ಬಲೆಯೊಳಗಿಂದ ಬಿತ್ತು.

ವಕೀಲರು ಎದ್ದು ನಿಂತಿದ್ದರು. ಅಜ್ಜಿ ಮಾತ್ರ, "ಸೀಟಿ ಆತಲ್ಲೋ? ಇಕಿ ಯಾಕ ನಿಲ್ಲಲಿಲ್ಲ?" ಎಂದರು. ನಾನು ಫೋನಿನ ದನಿ ಏರಿಸಿದೆ.

ಅಕ್ಕ ರಜೆಗೆ ಬಂದಾಗಲೂ ಅಜ್ಜಿ ಪ್ರಶ್ನೆ ಬಿಡಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದೆವು. "ಹಾನಗಲ್ಲಾಗ ನಿಂತಿ, ಅಲ್ಲಿ ನಿಲ್ಲಲಿಲ್ಲ. ಏನು ಫರಕು ಅದು?" ಅಕ್ಕ ಅನ್ನಕ್ಕೆ ಮೆಂತ್ಯದ ಹಿಟ್ಟು ಕಲೆಸುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಹಾನಗಲ್ಲಾಗ ಸೀಟಿ ಹೊಡದಾಂವ ನಾನ್ರಿ ಅಜ್ಜಿ," ಎಂದೆ. ಯಾರ ದನಿಯೂ ಅಲ್ಲ, ನನ್ನದೇ. "ಅಕ್ಕನ ಒಂದು ವರ್ಷ ಹಾಳು ಮಾಡಿದಾಂವ ನಾನು."

ವಕೀಲರು ಕನ್ನಡಕ ತೆಗೆದರು. ಅಜ್ಜಿಯ ಕೈಯಲ್ಲಿ ತುಪ್ಪದ ಮಿಳ್ಳೆ ನಿಂತೇ ಉಳಿಯಿತು. ಅಕ್ಕ ತುತ್ತು ನುಂಗಿ, ನೀರು ಕುಡಿದು, ನನ್ನ ಕಡೆ ನೋಡಿದಳು.

"ಆವತ್ತೇ ಗೊತ್ತಿತ್ತು. ತಿರುಗಿ ನೋಡಿದಾಗ ಎಲ್ಲಾರೂ ಒದರ್ಲಿಕ್ಕತ್ತಿದ್ರು, ನಿನ್ನ ಬೆರಳು ಇನ್ನೂ ಬಾಯಾಗ ಇತ್ತು."

"ಮತ್ತ ಯಾಕ ಹೇಳಲಿಲ್ಲಬೇ ಅಕ್ಕಾ, ಇಷ್ಟು ವರ್ಷ?"

"ಹೇಳಿದ್ರ ನೀ ಆವತ್ತೇ ಸೀಟಿ ಹೊಡಿಯೂದು ಬಿಡ್ತಿದ್ದಿ. ಆಮ್ಯಾಲೆ ನಿಲ್ಲದ ಓಡೂದನ್ನ ನಾ ಯಾರ ಸೀಟಿ ಮ್ಯಾಲ ಕಲೀಬೇಕಾಗಿತ್ತೋ?"