ನರ್ಸಮ್ಮ ಸತ್ತಿಲ್ಲ ಎಂದ ಅತ್ತೆ

ಅತ್ತೆಯ ಬಲಗೈ ತೋರುಬೆರಳು ತುದಿಯಿಂದ ಗಿಣ್ಣಿನವರೆಗೆ ಕಪ್ಪಗಿತ್ತು. ಕರಿಮೆಣಸಿನ ಗೊಂಚಲು ಬಿಡಿಸಿ ಬಿಡಿಸಿ ಹತ್ತಿದ ಕಪ್ಪು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಟೀವಿ ನೋಡುವಾಗ ಅವರು ಕೂತಲ್ಲಿಂದ ಎದ್ದು ಹೋಗಿ, ಅದೇ ಬೆರಳನ್ನು ಗಾಜಿನ ಮೇಲೆ ಒತ್ತಿ, "ಇವ್ಳೇ ಕನ ಆ ಮನೆಹಾಳಿ, ಮೊಖ ನೋಡ್ಕೊಳಿ" ಎಂದು ನಮಗೆಲ್ಲ ತೋರಿಸುತ್ತಿದ್ದರು. ಸೀರಿಯಲ್ ಮುಗಿಯುವ ಹೊತ್ತಿಗೆ ಟೀವಿಯ ತುಂಬ ಬೆರಳ ಗುರುತು. ಒಳ್ಳೆಯವರ ಮುಖಕ್ಕೆ ಮಾತ್ರ ಬೆರಳಿಡುತ್ತಿರಲಿಲ್ಲ, ಸೆರಗಿನಿಂದ ಒರೆಸುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಅತ್ತೆಯಲ್ಲ, ಪಕ್ಕದ ಮನೆಯವರು. ಗುಂಡ್ಲುಪೇಟೆಯಿಂದ ಮದುವೆಯಾಗಿ ಗಡಿಯ ಈಚೆಗಿನ ನಮ್ಮ ನೂಲ್ಪುಳಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೆ ಮೆಣಸು, ಶುಂಠಿಯ ವ್ಯಾಪಾರವನ್ನು ತಾವೇ ನಡೆಸುತ್ತಿದ್ದರು. ನಮ್ಮ ಬೀದಿಯಲ್ಲಿ ಕನ್ನಡ ಚಾನೆಲ್ ಬರುತ್ತಿದ್ದುದು ಅವರ ಮನೆಯ ಡಿಶ್‌ಗೆ ಮಾತ್ರ. ಮನೆಮಾತು ಕನ್ನಡವಾದ ನಮಗೆ ಶಾಲೆಯೂ ಮಲಯಾಳದ್ದು, ಆಫೀಸೂ ಮಲಯಾಳದ್ದು. ಸಂಜೆ ಒಂದಷ್ಟು ಹೊತ್ತು ಕನ್ನಡದಲ್ಲಿ ಅಳಬೇಕು ಅನ್ನಿಸಿದವರೆಲ್ಲ ಅತ್ತೆಯ ನಡುಮನೆಗೇ ಬರಬೇಕಿತ್ತು.

ಅತ್ತೆಯ ಪ್ರಕಾರ ಸೀರಿಯಲ್‌ಗಳೆಲ್ಲ ಒಂದೇ ಊರಿನಲ್ಲಿ ನಡೆಯುವ ಕಥೆಗಳು. ಈ ಹುಚ್ಚು ಹತ್ತಿಸಿದವರು ಚಾನೆಲಿನವರೇ. ಒಂದು ಸಲ ಏಳೂವರೆ ಸೀರಿಯಲ್ಲಿನ ಮದುವೆಗೆ ಎಂಟು ಗಂಟೆ ಸೀರಿಯಲ್ಲಿನ ಇಡೀ ಕುಟುಂಬ ಉಡುಗೊರೆ ಹಿಡಿದುಕೊಂಡು ಬಂದುಬಿಟ್ಟಿತು. ಇದನ್ನು ನೋಡುವವರು ಅದನ್ನೂ ನೋಡಲಿ ಎಂದು ಮಾಡಿದ ಉಪಾಯ. ಅತ್ತೆಗೆ ಅದು ಉಪಾಯವಾಗಿ ಕಾಣಲಿಲ್ಲ, ನೆಂಟಸ್ತಿಕೆಯಾಗಿ ಕಂಡಿತು. "ನಾ ಹೇಳ್ನಿಲ್ವಾ? ಎಲ್ಲಾ ಒಂದೇ ಕಡೇರು ಅಂತ? ಗುರ್ತಿಲ್ದೋರ್ ಮದ್ವೆಗೆ ಯಾರಾದ್ರೂ ಬಂದಾರಾ?" ಎಂದು ಅವತ್ತು ಎಲ್ಲರಿಗೂ ಪಾಯಸ ಮಾಡಿ ಕೊಟ್ಟರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲವಾಯಿತು. ಒಂದು ಸೀರಿಯಲ್ಲಿನ ಆಸ್ಪತ್ರೆಯ ಬೋರ್ಡು ಇನ್ನೊಂದರಲ್ಲಿ ಕಂಡರೆ ಸಾಕು, ಎರಡು ಮನೆಗಳ ನಡುವೆ ಬೀಗತನವೇ ಕುದುರಿಹೋಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಪ್ರಕರಣ ನರ್ಸಮ್ಮನದು. ಏಳೂವರೆ ಸೀರಿಯಲ್ಲಿನಲ್ಲಿ ಒಬ್ಬಳು ಒಳ್ಳೆಯ ನರ್ಸ್ ಇದ್ದಳು. ಖಳನಾಯಕ ಅವಳನ್ನು ಹೊಳೆಗೆ ನೂಕಿ ಕೊಂದ. ಸ್ವಲ್ಪ ದಿನಕ್ಕೆ ಅದೇ ನಟಿ ಎಂಟು ಗಂಟೆ ಸೀರಿಯಲ್ಲಿನಲ್ಲಿ ರೇಷ್ಮೆ ಸೀರೆ ಉಟ್ಟು, ಪ್ರಭಾವತಿ ಎಂಬ ಹೆಸರಿನಿಂದ ದೊಡ್ಡ ಮನೆಯ ಯಜಮಾನಿಯಾಗಿ ಕಾಣಿಸಿಕೊಂಡಳು. ನಾನು ಆಗಷ್ಟೇ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ, ತಿದ್ದುವ ಚಟ ಹೊಸದು. ನಟಿ ಒಬ್ಬಳೇ, ಪಾತ್ರ ಎರಡು ಎಂದು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದೆ.

"ನೀ ಟೀಚರಾದ್ರೆ ಮಕ್ಕಳಿಗ್ ಹೇಳು ಕನವ್ವ. ನರ್ಸಮ್ಮ ಸತ್ತಿಲ್ಲ. ಹೊಳೇಲಿ ತೇಲ್ಕೊಂಡ್ ಬಂದು, ಹೆಸ್ರು ಬದ್ಲಾಯ್ಸ್ಕೊಂಡು ಆ ಮನೇಲಿ ಸೇರ್ಕೊಂಡವ್ಳೆ. ಆ ಕಥೇಲಿ ಬದುಕಕ್ ಬುಟ್ಟಿದ್ರೆ ಪಾಪ ಈ ಕಥೆಗ್ ಯಾಕ್ ಬರೋಳು?"

ಹೀಗೆ ಹೇಳಿದರೆ ಯಾರು ತಾನೆ ವಾದಿಸುತ್ತಾರೆ? ಬೀದಿಯವರು ಅತ್ತೆಯ ಮಾತನ್ನೇ ಹಿಡಿದರು. ಪ್ರಭಾವತಿ ಎಂಬ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಉಳಿಯಲಿಲ್ಲ. ಅವಳು ಯಾವ ಸೀರೆ ಉಟ್ಟು ಬಂದರೂ ನರ್ಸಮ್ಮನೇ.

ಕಾಡಂಚಿನ ಆದಿವಾಸಿ ಹಾಡಿಯಿಂದ ಕಾಳಿ ಎಂಬ ಹುಡುಗಿ ಅತ್ತೆಯ ಮನೆಗೆ ಮೆಣಸು ಬಿಡಿಸಲು ಬರುತ್ತಿದ್ದಳು. ಅವರ ಹಾಡಿಗೆ ಕರೆಂಟಿರಲಿಲ್ಲ. ಆನೆ ದಾರಿಗೆ ಇಳಿಯುವ ಮುಂಚೆ ಅವಳು ಮನೆ ಸೇರಬೇಕಾಗಿದ್ದರಿಂದ ಸೀರಿಯಲ್ ನೋಡುವ ಭಾಗ್ಯ ಅವಳಿಗಿಲ್ಲ. ಅದಕ್ಕೇ ಅತ್ತೆ ದಿನಾ ಬೆಳಗ್ಗೆ ಮೆಣಸಿನ ರಾಶಿಯ ಎದುರು ಕೂತು, ಹಿಂದಿನ ಸಂಜೆಯ ಕಥೆಯನ್ನು ತಮ್ಮ ನೆಂಟಸ್ತಿಕೆಗಳ ಸಮೇತ ಅವಳಿಗೆ ಒಪ್ಪಿಸುತ್ತಿದ್ದರು. ಕಾಳಿಯ ಹಾಡಿಯ ಮಾತು ಕನ್ನಡಕ್ಕೆ ಹತ್ತಿರದ್ದು. ಕೇಳಿ ನಗುತ್ತಿದ್ದಳು, ನರ್ಸಮ್ಮ ಹೊಳೆಗೆ ಬಿದ್ದ ಮರುದಿನ ಅತ್ತೆಗಿಂತ ಜಾಸ್ತಿ ಅತ್ತಳು.

ಆ ವರ್ಷ ಹಾಡಿಗಳ ಜನ ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿದರು. ಕಾಳಿಯೂ ತಾಯಿಯ ಜೊತೆ ಹೋದಳು. ನಮ್ಮ ಬೀದಿಯ ವ್ಯಾಪಾರಸ್ಥರಿಗೆ ಇದು ಸೇರಲಿಲ್ಲ. ಹಾಡಿಯವರ ನಡುವೆ ನಕ್ಸಲರು ಸೇರಿಕೊಂಡಿದ್ದಾರಂತೆ ಎಂಬ ಗಾಳಿಮಾತು ಎದ್ದಿತು. ಬೆಲ್ಲದಂಗಡಿಯವನಂತೂ ಅತ್ತೆಯ ಮನೆಯಲ್ಲೇ ಕೂತು, "ಒದ್ದು ಓಡಿಸ್ಬೇಕು ಇವರ್ನೆಲ್ಲ" ಎಂದು ಗುಡುಗುತ್ತಿದ್ದ. ಪೊಲೀಸರು ಗುಡಿಸಲು ಕಿತ್ತ ದಿನ ನಾವು ಶಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದೆವು. ಕಾಡಿನ ಕಡೆಯಿಂದ ಬರುತ್ತಿದ್ದ ಸದ್ದಿಗೆ ಮಕ್ಕಳು ಬೆಚ್ಚಿಬೀಳುತ್ತಿದ್ದರು. ಆಮೇಲೆ ಜೀಪುಗಳು ಊರೂರು ಸುತ್ತತೊಡಗಿದವು. ಹಾಡಿಯವರಂತೆ ಕಂಡವರನ್ನೆಲ್ಲ ಎತ್ತಿ ಹಾಕಿಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ. ವಾಪಸು ಬಂದವರಲ್ಲಿ ನೆಟ್ಟಗೆ ನಡೆಯುವವರು ಕಡಿಮೆ.

ಗುಡಿಸಲು ಕಿತ್ತ ಮರುದಿನ ಬೆಳಗ್ಗೆಯೇ ಕಾಳಿ ಅತ್ತೆಯ ಹಿತ್ತಿಲಲ್ಲಿ ಮುದುಡಿ ಕೂತಿದ್ದಳು. ತಾಯಿ ಎಲ್ಲಿ ತಪ್ಪಿಹೋದಳೋ ಗೊತ್ತಿಲ್ಲ. ಎಡಗೈ ಮಣಿಕಟ್ಟು ಲಾಠಿ ಏಟಿಗೆ ಊದಿ ಹೋಗಿತ್ತು. ಅತ್ತೆ ಒಂದು ಮಾತೂ ಕೇಳದೆ ಅವಳಿಗೆ ನೀರು ಹುಯ್ದರು, ತಲೆ ಬಾಚಿದರು, ತಮ್ಮದೇ ಸೀರೆ ಉಡಿಸಿ ಹಣೆಗೆ ವಿಭೂತಿ ಹಚ್ಚಿದರು. "ಇನ್ಮೇಲೆ ನೀ ಮಾದೇವಿ. ನಮ್ಮಣ್ಣನ ಮಗಳು, ಗುಂಡ್ಲುಪೇಟೆಯೋಳು. ಕೇಳುದ್ರೆ ಅಷ್ಟೇ ಹೇಳು, ಮಿಕ್ಕಿದ್ದ ನಾ ನೋಡ್ಕತೀನಿ." ಅತ್ತೆಗೆ ಅಣ್ಣನೊಬ್ಬ ಇದ್ದದ್ದು ನಿಜ. ಮಕ್ಕಳಿಲ್ಲದೆ ತೀರಿಕೊಂಡು ವರ್ಷಗಳಾಗಿದ್ದವು.

"ಅತ್ತೆ, ನಾಲ್ಕು ದಿನ ಟೀವಿ ಹಾಕಬೇಡಿ, ಜನ ಬರೋದು ಬೇಡ" ಎಂದೆ.

"ಟೀವಿ ನಿಲ್ಸುದ್ರೇ ಜನ ಬರೋದು ಕನವ್ವ. ಈ ಮನೇಲಿ ಸಂಜೆ ಸೀರಿಯಲ್ ಇಲ್ಲ ಅಂದ್ರೆ ನಾ ಸತ್ತೋಗಿವ್ನಿ ಅಂತ ನೋಡಕ್ ಬತ್ತರೆ."

ಹಾಗಾಗಿ ಕಾಳಿ ಬೀದಿಯವರೆಲ್ಲರ ನಡುವೆಯೇ ಕೂತಳು. ಇಷ್ಟು ಕಾಲ ಕಿವಿಯಿಂದ ಕೇಳಿದ್ದ ಜನರನ್ನು ಮೊದಲ ಸಲ ಕಣ್ಣಿಂದ ನೋಡಿದಳು. ಅವಳು ಯಾರೆಂದು ಬಂದವರಿಗೆಲ್ಲ ಗೊತ್ತಿತ್ತು, ದಿನಾ ಮೆಣಸು ಬಿಡಿಸುತ್ತಿದ್ದವಳಲ್ಲವೆ? ಆದರೂ ಯಾರೂ ಬಾಯಿ ಬಿಡಲಿಲ್ಲ. ಬೆಲ್ಲದಂಗಡಿಯವನು ಅವಳನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ ಗೋಡೆಗೊರಗಿ ಕೂತ. ಅವನು ಯಾವಾಗ ಎದ್ದು ಹೋಗಿ ಯಾರಿಗೆ ಹೇಳುತ್ತಾನೋ ಎಂದು ಪ್ರತಿ ಸಂಜೆ ನಾನು ಟೀವಿ ಬಿಟ್ಟು ಅವನನ್ನೇ ನೋಡುತ್ತಿದ್ದೆ.

ಒಂದು ಸಂಜೆ, ಎಂಟು ಗಂಟೆ ಸೀರಿಯಲ್ ನಡೆಯುತ್ತಿರುವಾಗ, ಜೀಪು ಮನೆಯ ಮುಂದೆಯೇ ನಿಂತಿತು. ಎಸ್.ಐ. ಒಳಗೆ ಬಂದ, ಬಾಗಿಲಲ್ಲಿ ಒಬ್ಬಳು ಮಹಿಳಾ ಪೇದೆ ನಿಂತಳು. ಕಾಳಿ ತೊಡೆಯ ಮೇಲಿದ್ದ ಮೊರದ ಮೆಣಸಿನೊಳಗೆ ಎಡಗೈ ಹೂತುಕೊಂಡಳು. ಎಸ್.ಐ. ಕಾಸರಗೋಡಿನಲ್ಲಿ ಇದ್ದು ಬಂದವನು, ಪುಸ್ತಕದ ಕನ್ನಡ ಸೊಗಸಾಗಿ ಮಾತಾಡುತ್ತಿದ್ದ. ಒಬ್ಬೊಬ್ಬರನ್ನೇ ನೋಡುತ್ತ ಬಂದು ಅವಳ ಮುಂದೆ ನಿಂತ.

"ಇವಳು ಯಾರು?"

"ನಮ್ಮಣ್ಣನ ಮಗ್ಳು ಸಾರೆ, ಮಾದೇವಿ ಅಂತ" ಎಂದರು ಅತ್ತೆ.

"ಅವಳೇ ಹೇಳಲಿ. ಯಾವ ಊರು?"

"ಗುಂಡ್ಲುಪೇಟೆ" ಎಂದಳು ಕಾಳಿ.

ಅವನಿಗೆ ನಂಬಿಕೆ ಬರಲಿಲ್ಲ. ಟೀವಿಯ ಕಡೆ ತಿರುಗಿದ. ರೇಷ್ಮೆ ಸೀರೆಯವಳು ಮೆಟ್ಟಿಲು ಇಳಿಯುತ್ತಿದ್ದಳು. "ನಮ್ಮ ಮನೆಯಲ್ಲೂ ಇದನ್ನು ಒಂದು ದಿನವೂ ಬಿಡುವುದಿಲ್ಲ. ಗುಂಡ್ಲುಪೇಟೆಯವಳಾದರೆ ನಿನಗೂ ಗೊತ್ತಿರಬೇಕು. ಆಕೆ ಯಾರು?"

ಕಾಳಿ ನೋಡಿದಳು. "ನರ್ಸಮ್ಮ."

"ತಪ್ಪು. ಅವಳು ಪ್ರಭಾವತಿ." ಎಸ್.ಐ. ಮಹಿಳಾ ಪೇದೆಗೆ ಕಣ್ಣು ಮಾಡಿದ. "ಏಳು, ಜೀಪು ಹತ್ತು."

ಮೊರ ಅಲುಗಿ ಮೆಣಸು ನೆಲಕ್ಕೆ ಉದುರತೊಡಗಿತು.

"ತಪ್ಪೇನ್ ಸಾರೆ? ಅದು ನರ್ಸಮ್ಮನೇ."

ಹೇಳಿದವನು ಬೆಲ್ಲದಂಗಡಿಯವನು. ಅವನ ಮಾತು ಮುಗಿಯುವ ಮುಂಚೆಯೇ ಅತ್ತೆ ಎದ್ದು ಟೀವಿಯ ಹತ್ತಿರ ಹೋಗಿದ್ದರು. "ನೋಡಿ ಸಾರೆ, ಇವ್ಳು ಏಳೂವರೇಲಿ ನರ್ಸಾಗಿದ್ಲು. ಆ ಪಾಪಿ ಹೊಳೆಗ್ ನೂಕ್ದ. ಸತ್ಲು ಅಂದ್ಕಂಡ್ರು, ಸಾಯ್ನಿಲ್ಲ."

"ಅಮ್ಮಾ, ಅದು ಬೇರೆ ಸೀರಿಯಲ್!"

"ಸೀರಿಯಲ್ ಬೇರೆ ಇರ್ಬೋದು ಸಾರೆ, ಹೆಂಗ್ಸು ಒಬ್ಳೇ. ಮದ್ವೆಗೆ ಎಲ್ಲಾ ಬಂದಿರ್ನಿಲ್ವಾ? ನಿಮ್ಮನೇರು ನೋಡ್ನಿಲ್ವಾ ಆ ಮದ್ವೆಯ?"

ನಡುಮನೆ ಸಂತೆಯಾಯಿತು. ಗಲ್ಲದ ಮಚ್ಚೆ ನೋಡಿ ಎಂದು ಒಬ್ಬರು, ನಡಿಗೆ ನೋಡಿ ಎಂದು ಇನ್ನೊಬ್ಬರು. ಹುಸಿಯಾಗಿ ಯಾರೂ ಕೂಗಲಿಲ್ಲ, ಎಲ್ಲರಿಗೂ ನಿಜವಾಗಿಯೇ ಸಿಟ್ಟು ಬಂದಿತ್ತು. ಎಸ್.ಐ. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದ.

"ಟೀಚರೇ, ನೀವು ಓದಿದವರು. ನೀವು ಹೇಳಿ."

ಕಾಳಿ ನನ್ನನ್ನೇ ನೋಡುತ್ತಿದ್ದಳು. ಈ ವಿಷಯದಲ್ಲಿ ಅತ್ತೆಯ ಜೊತೆ ನಾನು ಎಷ್ಟು ಜಗಳವಾಡಿದ್ದೆನೆಂದು ಅವಳಿಗೂ ಗೊತ್ತಿತ್ತು.

"ನರ್ಸಮ್ಮನೇ ಸಾರ್" ಎಂದೆ. "ಹೊಳೆಯಿಂದ ಬದುಕಿ ಬಂದು ಹೆಸರು ಬದಲಾಯಿಸಿಕೊಂಡಿದ್ದಾಳೆ."

ಅವನು ನಮ್ಮನ್ನೆಲ್ಲ ಸುತ್ತ ನೋಡಿ, ಹಣೆ ಒರೆಸಿಕೊಂಡು, ಇವರಿಗೆಲ್ಲ ತಲೆ ಕೆಟ್ಟಿದೆ ಎಂದು ಮಲಯಾಳದಲ್ಲಿ ಗೊಣಗಿದ. ಆಮೇಲೆ ಪೇದೆಗೆ ಹೇಳಿದ, "ಬಿಡು, ಇವಳು ಈ ಮನೆಯವಳೇ. ಈ ಹುಚ್ಚು ಹೊರಗಿನವರಿಗೆ ಬರುವುದಿಲ್ಲ."

ಜೀಪಿನ ಸದ್ದು ಪೂರ್ತಿ ಅಡಗಿದ ಮೇಲೆ ಕಾಳಿ ಮೊರದೊಳಗಿಂದ ಕೈ ತೆಗೆದು ಜೋರಾಗಿ ಅತ್ತಳು. ಅತ್ತೆ ಎಲ್ಲರಿಗೂ ಕಾಪಿ ಕಾಸಿದರು, ಬೆಲ್ಲದಂಗಡಿಯವನಿಗೆ ಮೊದಲ ಲೋಟ. ಅವನು ಹುಡುಗಿಯನ್ನು ಉಳಿಸಲು ಹಾಗೆಂದನೋ, ಸೀರಿಯಲ್ ವಿಷಯದಲ್ಲಿ ಸೋಲಲಾರದೆ ಎಂದನೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ಅತ್ತೆ ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕಾಳಿಯನ್ನು ಗುಂಡ್ಲುಪೇಟೆಯ ಪರಿಚಯದವರ ಮನೆಯಲ್ಲಿ ಬಿಟ್ಟು ಬಂದರು. ತಾಯಿಯ ಸುದ್ದಿ ಸಿಕ್ಕಿದಾಗ ಅವಳನ್ನೂ ಅಲ್ಲಿಗೇ ಕಳಿಸಿದರು. ಕಾಳಿ ಅಲ್ಲೇ ಮದುವೆಯಾದಳು, ಮಾದೇವಿ ಎಂಬ ಹೆಸರೇ ನಿಂತಿತು.

"ನಿಜವಾಗ್ಲೂ ನರ್ಸಮ್ಮ ಬದುಕಿದ್ದಾಳೆ ಅಂತ ನಂಬ್ತೀರಾ ಅತ್ತೆ?" ಎಂದು ಒಮ್ಮೆ ಕೇಳಿದೆ.

"ನಂಬ್ದೇ ಇದ್ದಿದ್ರೆ ಆವತ್ತು ಬಾಯಿಗ್ ಬರೋದಾ ಮಗ?" ಎಂದರು.

ತಪ್ಪು ಕಂಡಲ್ಲೆಲ್ಲ ಕೆಂಪು ಶಾಯಿ ಎಳೆಯುವುದೇ ನನ್ನ ಕೆಲಸವಾಗಿತ್ತು. ಮಕ್ಕಳ ತಪ್ಪನ್ನು ಒಮ್ಮೆ ಪೂರ್ತಿ ಕೇಳಿಸಿಕೊಂಡು ಆಮೇಲೆ ತಿದ್ದುವುದನ್ನು ನಾನು ಕಲಿತದ್ದು ಅವರಿಂದ.

ಅತ್ತೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮರುದಿನ ಸ್ನಾನ ಮಾಡಿಸಿದ ಮೇಲೆ, ಗಂಡನ ಕಡೆಯ ಹಿರಿಯರು ಹೆಣ್ಣಿನ ದೇಹಕ್ಕೆ ತವರಿನ ಸೀರೆ ಹೊದಿಸಬೇಕೆಂದರು. ತವರಿನಿಂದ ಯಾರು ಬಂದಿದ್ದೀರಿ ಎಂದು ಕೇಳಿದರು. ತವರಿನವರು ಯಾರೂ ಬಂದಿರಲಿಲ್ಲ. ಹೊದಿಸದೆ ಎತ್ತುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅಷ್ಟರಲ್ಲಿ ಬಸ್ಸಿಳಿದು ಓಡಿಬಂದ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ಕಂಕುಳಲ್ಲಿ ಹೊಸ ಸೀರೆಯ ಪೊಟ್ಟಣ.

"ನೀ ಯಾರವ್ವ?" ಎಂದು ಹಿರಿಯರು ಕೇಳಿದರು.

"ಇವ್ರ ಅಣ್ಣನ ಮಗಳು" ಎಂದು, ಕಾಳಿ ಸೀರೆಯ ಮಡಿಕೆ ಬಿಚ್ಚಿ ಅತ್ತೆಗೆ ಹೊದಿಸಿದಳು.