ಜನರಲ್ ಸಾಹೇಬರ ಚಿಕ್ಕಪ್ಪ

ದಕ್ಷಿಣ ಕೊರಿಯಾದ ಪಾಂಗ್ಯೋದ ಗೇಮ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ‘ನಿಮ್ಮನ್ನು ಕ್ಯಾಂಪೇನ್‌ಗೆ ಹಾಕಿದ್ದೇವೆ’ ಎಂದರು. ಮೆಟ್ರೋ ಬಾಗಿಲಲ್ಲಿ ನಿಂತು, ನಡು ಬಗ್ಗಿಸಿ, ಹೋಗಿಬರುವವರಿಗೆಲ್ಲ ಕೈಮುಗಿಯಬೇಕೇನೋ ಎಂದುಕೊಂಡು ಮೊದಲ ದಿನ ನಮ್ಮ ಅಭ್ಯರ್ಥಿಗಳಂತೆ ಬಿಳಿ ಕೈಗವಸು ತೊಟ್ಟು ಹೋದೆ. ಚುನಾವಣೆಯಲ್ಲಿ ನಾನು ಕಂಡ ಕ್ಯಾಂಪೇನ್ ಅದೊಂದೇ.

“ಕೈಗವಸು ಯಾಕಪ್ಪಾ, ಚಳಿಯಾ?” ಎಂದು ಕೇಳಿದವರು ತಕ್ ಯೊನ್-ಸಿಲ್. ಗುಂಡು ಹಾರಿಸುವ ಆಟದಲ್ಲಿ ಒಬ್ಬನೇ ಕೂತು ಆಡುವ ಕಥಾಭಾಗಕ್ಕೆ ಕ್ಯಾಂಪೇನ್ ಅನ್ನುತ್ತಾರೆಂದು ತಿಳಿಸಿದವರೂ ಅವರೇ. ಆ ಕಥೆ ಬರೆಯುವುದು ಅವರ ಕೆಲಸ, ಅದರಲ್ಲಿ ತಪ್ಪು ಹುಡುಕುವುದು ನನ್ನದು. ನನ್ನ ಕೆಲಸ ಬಲು ಸುಲಭವಾಗಿತ್ತು.

ಯೊನ್-ಸಿಲ್ ಅವರಿಗೆ ನಲವತ್ಮೂರು. ಹನ್ನೊಂದು ವರ್ಷ ರೇಡಿಯೋ ನಾಟಕ ಬರೆದವರು. ಆಫೀಸಿನಲ್ಲಿ ಎಲ್ಲರೂ ‘ಲೇಖಕರೇ’ ಎಂದೇ ಕರೆಯುತ್ತಿದ್ದರು, ಬರೆಯಲು ಮಾತ್ರ ಬಿಡುತ್ತಿರಲಿಲ್ಲ. ನಮಗೆಲ್ಲ ಅನ್ನ ಹಾಕುವುದು ಹತ್ತು ಜನ ಸೇರಿ ಆಡುವ ಕಾಳಗ. ಅದಕ್ಕಾಗಿ ಸೇತುವೆ, ಬಂದರು, ಸಾರ್ವಜನಿಕ ಸ್ನಾನಗೃಹ ಎಲ್ಲ ಮೊದಲೇ ಕಟ್ಟಿಯಾಗಿತ್ತು. ನಾಯಕ ಬಂದೂಕು ಹಿಡಿದು ಸ್ನಾನಗೃಹಕ್ಕೆ ಯಾಕೆ ಹೋದ ಎಂದು ಹುಡುಕುವುದಷ್ಟೇ ಸಾಹಿತ್ಯ.

ಆಮೇಲೆ ಪಾತ್ರಗಳ ಮಾತುಗಳೂ ಆ ಕಾಳಗದಿಂದಲೇ ಬಂದವು. ಗೆಳೆಯರ ಕಾಳಗಕ್ಕೆಂದು ಏಕವಚನದಲ್ಲಿ ಧ್ವನಿಮುದ್ರಿಸಿದ್ದನ್ನೇ ಕಥೆಗೂ ಅಂಟಿಸಿಬಿಟ್ಟರು. ಇಪ್ಪತ್ತರ ಹೊಸ ಸಿಪಾಯಿ ಅರವತ್ತರ ಜನರಲ್‌ಗೆ “ಲೋ, ತಲೆ ತಗ್ಗಿಸೋ!” ಎಂದು ಕೂಗಿದಾಗ, ಹದಿನೆಂಟು ತಿಂಗಳು ಸೈನ್ಯದಲ್ಲಿ ಬೈಸಿಕೊಂಡು ಬಂದ ನಾನು ಕುರ್ಚಿಯಿಂದೆದ್ದು ನೆಟ್ಟಗೆ ನಿಂತೆ.

ಯೊನ್-ಸಿಲ್ ನಿರ್ದೇಶಕ ಮೆಂಗ್ ಅವರ ಬಳಿ ಹೋದರು. “ಎರಡೇ ದಿನ ಕೊಡಿ ಸರ್, ಮಾತು ಮತ್ತೆ ರೆಕಾರ್ಡ್ ಮಾಡೋಣ.”

“ಎಲ್ಲಿಂದ ತರ್ಲಿ ದಿನಾನ? ಲೇಖಕರೇ, ನೀವು ಏನಾದ್ರೂ ಬರೀರಿ, ಸರಿಹೋಗುತ್ತೆ.”

ಬರೆದರು. ಸಿಪಾಯಿ ಈಗ ಜನರಲ್‌ಗೆ ಚಿಕ್ಕಪ್ಪ! ತಲೆ ನರೆತ ಅಣ್ಣನ ಮಗನನ್ನು ‘ಏನೋ’ ಎನ್ನುವ, ಮೀಸೆ ಬಾರದ ಚಿಕ್ಕಪ್ಪಂದಿರು ನಮ್ಮ ವಂಶಾವಳಿಗಳಲ್ಲಿ ಬೇಕಾದಷ್ಟು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, “ಲೇಖಕರೇ, ಇದನ್ನ ಯಾರಾದ್ರೂ ನಂಬ್ತಾರಾ?”

“ಬಾಯಿ ಮುಚ್ಕೊಂಡು ನೂಡಲ್ಸ್ ತಿನ್ನಪ್ಪಾ. ಪತ್ರಕರ್ತರ ಮುಂದೆ ಕಂಪನಿ ಮಾನ ಉಳಿಸಿದ್ರೆ ಎರಡನೇ ಭಾಗ ಪೂರ್ತಿ ನಂಗೇ ಬಿಡ್ತಾರಂತೆ. ಮೊದ್ಲು ಕಥೆ, ಆಮೇಲೆ ಜಾಗ. ಒಂದೇ ಒಂದ್ಸಲ ಹಾಗೆ ಬರೀಬೇಕು ಕಣೋ.”

ಬಿಡುಗಡೆಯ ದಿನ ವೇದಿಕೆಯ ಮೇಲೆ ಮೆಂಗ್ ಪಿಸುಗುಟ್ಟಿದರು, “ಚಿಕ್ಕಪ್ಪನ ಬಗ್ಗೆ ಕೇಳಿದ್ರೆ ‘ಕುಟುಂಬದ ರಹಸ್ಯ’ ಅನ್ನಿ, ಸಾಕು.”

ಮುಂದಿನ ಸಾಲಿನ ವಯಸ್ಸಾದ ಪತ್ರಕರ್ತರು ಎದ್ದರು. “ಲೇಖಕರೇ, ಆಟ ಪೂರ್ತಿ ಆಡ್ದೆ. ಆ ಹುಡುಗ ಜನರಲ್‌ಗೆ ಚಿಕ್ಕಪ್ಪ ಆಗಿದ್ದರಿಂದ ಕಥೆಗೆ ಏನಾಯ್ತು? ಯಾಕೆ ಮಾಡಿದ್ರಿ?”

ಮೆಂಗ್ ಮುಖದಲ್ಲಿ ನಗು ಹಾಗೇ ಇತ್ತು. ಯೊನ್-ಸಿಲ್ ಮೈಕನ್ನು ಹತ್ತಿರ ಎಳೆದುಕೊಂಡರು.

“ಮಾತು ಮತ್ತೆ ರೆಕಾರ್ಡ್ ಮಾಡೋಕೆ ಎರಡು ದಿನ ಕೇಳಿದ್ದೆ, ಕೊಡ್ಲಿಲ್ಲ. ಅದಕ್ಕೇ ಚಿಕ್ಕಪ್ಪ ಆದ.”